ಸಂಗು, ಮೊದಲು ಮೀಟರ್ ಮುಂದೆ ಹೋಗಿ ನಿಲ್ಲು

ಕೋಥರೂಡ್, ಪುಣೆ

ಪ್ರೀತಿಯ ಸಂಗು,

ಡೊಂಬಿವಲಿಯ ಹೊಸ ಮನೆಗೆ ಬಂದು ಮೂರೇ ತಿಂಗಳು. ಮೇ ತಿಂಗಳ ಕರೆಂಟ್ ಬಿಲ್ಲಿನಲ್ಲಿ 430 ಯೂನಿಟ್ ನೋಡಿ ನೀನು ಗಾಬರಿಯಾಗಿದ್ದು ನಿನ್ನ ದನಿಯಲ್ಲೇ ಗೊತ್ತಾಯಿತು. ಹೊಸ ಎಸಿ ತಗೊಳ್ಳಲೋ, ಸೋಲಾರ್ ಹಾಕಿಸಲೋ ಎಂದು ಕೇಳಿದೆಯಲ್ಲ, ಎರಡಕ್ಕೂ ಈಗಲೇ ದುಡ್ಡು ಬಿಚ್ಚಬೇಡ. ಊರು ಬಿಟ್ಟು ಬಂದು ಇಲ್ಲಿ ಸಾಲ ಮಾಡಿ ಮನೆ ಕೊಂಡ ನಮ್ಮವರು ಬಹಳ ಮಂದಿ ಇದ್ದಾರೆ. ಅವರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಒಂದು ರಾತ್ರಿ ಊಟವಾದ ಮೇಲೆ ದೀಪ, ಫ್ಯಾನು ಎಲ್ಲ ಆರಿಸು. ಹತ್ತು ನಿಮಿಷ ಫ್ರಿಜ್ಜೂ ಬೇಡ. ಆಮೇಲೆ ಕೆಳಗಿಳಿದು ನಿನ್ನ ಮೀಟರ್ ನೋಡು. ಅದರಲ್ಲೊಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ನಮ್ಮ ಮೀಟರ್ ಮೇಲೆ 3200 ಎಂದು ಬರೆದಿದೆ, ಅಂದರೆ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ನಾನು ನೋಡಿದ ರಾತ್ರಿ 25 ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು. ಅಂದರೆ ಗಂಟೆಗೆ 144 ಸಲ. ಲೆಕ್ಕ ಹಾಕಿದರೆ ಎಲ್ಲ ಆರಿಸಿದ್ದರೂ 45 ವ್ಯಾಟ್, ತಿಂಗಳಿಗೆ 32 ಯೂನಿಟ್! ಮೇಲೆ ಬಂದು ಒಂದೊಂದೇ ಮುಟ್ಟಿ ನೋಡಿದೆ. ಟಿವಿ ಆರಿಸಿ ಎರಡು ಗಂಟೆಯಾಗಿದ್ದರೂ ಸೆಟ್‌ಟಾಪ್ ಬಾಕ್ಸ್ ಬೆಚ್ಚಗಿತ್ತು. ಇನ್ವರ್ಟರ್ ಗುಂಯ್ ಎನ್ನುತ್ತಿತ್ತು. ಅಂದಿನಿಂದ ಟಿವಿಯ ಪ್ಲಗ್ಗಿನ ಸ್ವಿಚ್ಚನ್ನೇ ಆರಿಸಿ ಮಲಗುತ್ತೇವೆ.

ನಮಗೆ ಕರೆಂಟ್ ಕೊಡುವ ಮಹಾವಿತರಣ ಕಂಪನಿಯ ದರ 100, 300, 500 ಯೂನಿಟ್ ದಾಟಿದ ಹಾಗೆಲ್ಲ ಏರುತ್ತದೆ. ನೀನು ಉಳಿಸುವ ಯೂನಿಟ್ ಯಾವಾಗಲೂ ಮೇಲಿನ ತುಟ್ಟಿ ಹಂತದಿಂದಲೇ ಕಳೆಯುವುದು. ಅದಕ್ಕೇ ಸಣ್ಣ ಉಳಿತಾಯವನ್ನೂ ಬಿಡಬೇಡ ಅನ್ನುತ್ತೇನೆ.

ದುಡ್ಡು ಹಾಕುವುದಾದರೆ ಮೊದಲು ಫ್ಯಾನಿಗೆ ಹಾಕು. ಎಲ್ಲರಿಗೂ ಎಸಿ, ಗೀಸರ್ ಮೇಲೆ ಕಣ್ಣು. ಆದರೆ ಹಗಲೂ ರಾತ್ರಿ ತಿರುಗುವುದು ಫ್ಯಾನು. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಎಂಬ ಕಡಿಮೆ ಕರೆಂಟ್ ತಿನ್ನುವ ಮೋಟರಿನ ಫ್ಯಾನು 30ರ ಆಸುಪಾಸು. ದಿನಕ್ಕೆ 15 ಗಂಟೆ ಓಡಿದರೆ ಒಂದೇ ಫ್ಯಾನಿನಿಂದ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಸುಮಾರು ಮೂರು ಸಾವಿರ ರೂಪಾಯಿಯ ಫ್ಯಾನು ನಿನ್ನ ಬಿಲ್ಲಿನ ಹಂತಕ್ಕೆ ಒಂದೂವರೆ ವರ್ಷದೊಳಗೆ ತನ್ನ ದುಡ್ಡು ತಾನೇ ತೀರಿಸುತ್ತದೆ. ನಡುಮನೆಯದ್ದು, ನೀವು ಮಲಗುವ ಕೋಣೆಯದ್ದು, ಈ ಎರಡು ಸಾಕು. ಅತಿಥಿಗಳ ಕೋಣೆಯದ್ದನ್ನು ಮುಟ್ಟಬೇಡ.

ಎಸಿ ಬೇಕೇ ಬೇಕು ಎನ್ನುವ ಮುಂಚೆ ನಿನ್ನ ಛಾವಣಿ ನೋಡು. ನಿಮ್ಮದು ಕೊನೇ ಮಹಡಿ. ಕಳೆದ ಸಲ ಬಂದಾಗ ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೆ ನಿಂತು ಅಂಗೈ ಇಟ್ಟು ನೋಡಿದ್ದೆ, ರೊಟ್ಟಿ ಇಳಿಸಿದ ಹಂಚಿನ ಹಾಗೆ ಕಾವು ಇನ್ನೂ ಉಳಿದಿತ್ತು. ಸೊಸೈಟಿಯವರನ್ನು ಕೇಳಿ ಟೆರೇಸಿಗೆ ಬಿಸಿಲು ಹಿಂದಕ್ಕೆ ತಳ್ಳುವ ಬಿಳಿ ಬಣ್ಣ ಹೊಡೆಸು. ಆಮೇಲೆ ಎಸಿ ಕೊಂಡರೂ ಅದಕ್ಕೆ ಅಷ್ಟು ದುಡಿತ ಬೀಳುವುದಿಲ್ಲ.

ಎಸಿ ಕೊಳ್ಳುವಾಗ ಕರೆಂಟ್ ಉಳಿತಾಯದ ಲೇಬಲ್ಲಿನ ಸ್ಟಾರ್ ಎಣಿಸಿ ಸುಮ್ಮನಾಗಬೇಡ. ನಾನು ರಿಯಾಯಿತಿಯ ಆಸೆಗೆ ಅಂಗಡಿಯಲ್ಲಿ ಉಳಿದಿದ್ದ ಹಳೇ ಸ್ಟಾಕ್ ತಂದೆ. ಐದು ಸ್ಟಾರ್ ಇತ್ತು, ಆದರೆ ಲೇಬಲ್ಲಿನ ಅವಧಿ ಮುಗಿದಿತ್ತು. ಹೊಸ ಅಳತೆಯಲ್ಲಿ ಅದಕ್ಕೆ ಐದು ಸಿಗುತ್ತಿರಲಿಲ್ಲ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ಲೇಬಲ್ಲಿನಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ, ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಂಬ ಲೆಕ್ಕದಲ್ಲಿ. ಎರಡು ಎಸಿ ಹೋಲಿಸುವಾಗ ಆ ಅಂಕಿ ಓದು. ತಂದ ಮೇಲೆ 24 ಡಿಗ್ರಿಗಿಂತ ಕೆಳಗೆ ಇಳಿಸಬೇಡ.

ಇನ್ನು ಸೋಲಾರ್. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸ್ವಂತ ಛಾವಣಿ ಇದ್ದವರಿಗೆ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ನಿನ್ನ ಟೆರೇಸ್ ನಿನ್ನೊಬ್ಬನದಲ್ಲವಲ್ಲ. ಲಿಫ್ಟು, ನೀರಿನ ಪಂಪಿನಂಥ ಸಾಮೂಹಿಕ ಬಳಕೆಗೆ ಸೊಸೈಟಿಗಳಿಗೂ ಕಿಲೋವ್ಯಾಟಿಗೆ 18,000 ಕೊಡುತ್ತಾರೆ. ಮುಂದಿನ ಮೀಟಿಂಗಿನಲ್ಲಿ ನೀನೇ ಈ ಮಾತು ಎತ್ತು.

ಭಾನುವಾರ ರಾತ್ರಿ ಮೀಟರ್ ನೋಡಿ, ಎಷ್ಟು ಸೆಕೆಂಡಿಗೊಮ್ಮೆ ಮಿನುಗಿತು ಬರೆ. ವೈನಿಯವರಿಗೆ ನಮಸ್ಕಾರ ಹೇಳು. ಅವ್ವ ನಿನಗೆ ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ, ಬರುವಾಗ ತರುತ್ತೇನೆ.

ನಿನ್ನ,
ರವಿ