ಚಳ್ಳಕೆರೆಯ ಬಿಸಿಲು, ಸೋಲಾರ್ ಪಂಪು

ಸ್ಟಾಕ್‌ಹೋಮ್, ಡಿಸೆಂಬರ್

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ?

ಚಳ್ಳಕೆರೆ ಹೊಲದ ಬೋರ್‌ವೆಲ್‌ಗೆ ಸೋಲಾರ್ ಪಂಪ್ ಹಾಕಿಸಿದರೆ ಮೋಡದ ದಿನ ನೀರು ಬರುತ್ತಾ ಎಂದು ಕೇಳಿದ್ದಿರಿ. ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ.

ಬಿಸಿಲು ಸೂರ್ಯನಿಂದ ಭೂಮಿಗೆ ಬರಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು. ದಾರಿ 15 ಕೋಟಿ ಕಿಲೋಮೀಟರ್. ಅಷ್ಟು ದೂರವೂ ಸಲೀಸಾಗಿ ಬಂದ ಬೆಳಕಿಗೆ ಅಡ್ಡಿಯಾಗುವುದು ಕೊನೆಯಲ್ಲಿ ಸಿಗುವ ನಮ್ಮ ಗಾಳಿ. ಗಾಳಿಗೆ ತಾಗುವ ಮೊದಲು ಒಂದು ಚದರ ಮೀಟರಿಗೆ ಸುಮಾರು 1360 ವ್ಯಾಟ್ ಇರುತ್ತದೆ. ನಮ್ಮ ಕಡೆ ಬೇಸಿಗೆಯ ಮಟಮಟ ಮಧ್ಯಾಹ್ನ ನೆಲಕ್ಕೆ ಮುಟ್ಟುವುದು ಸಾವಿರದ ಆಸುಪಾಸು. ಓಝೋನ್ ಚರ್ಮ ಸುಡುವ ಕಿರಣಗಳನ್ನು ಹೀರುತ್ತದೆ, ನೀರಾವಿ ಒಂದಷ್ಟು ಶಾಖವನ್ನು ಹೀರುತ್ತದೆ. ಇನ್ನೊಂದಷ್ಟು ಬೆಳಕನ್ನು ಗಾಳಿಯ ಕಣಗಳು ಚದುರಿಸುತ್ತವೆ. ಕೆಂಪಿಗಿಂತ ನೀಲಿ ಐದಾರು ಪಟ್ಟು ಜಾಸ್ತಿ ಚದುರುತ್ತದೆ, ಆಕಾಶ ನೀಲಿಯಾಗಿರುವುದು ಅದಕ್ಕೇ.

ಚದುರಿದ ಬೆಳಕೆಲ್ಲ ವ್ಯರ್ಥ ಅಲ್ಲ ಅಪ್ಪಾಜಿ. ಅದರಲ್ಲಿ ದೊಡ್ಡ ಪಾಲು ಬೇರೆ ದಿಕ್ಕಿನಿಂದ ನೆಲಕ್ಕೇ ಬರುತ್ತದೆ. ಮೋಡ ಇದ್ದರೂ ಹಗಲು ಬೆಳಕಿರುತ್ತದೆ ಅಲ್ವಾ? ಪ್ಯಾನೆಲ್‌ಗೆ ಅದೂ ಆಗುತ್ತದೆ. ಆದರೆ ದಟ್ಟ ಮೋಡವಿದ್ದರೆ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಆಗ ಪಂಪು ನೀರೆತ್ತದೆಯೂ ಇರಬಹುದು. ಹಾಗಾಗಿ ಒಂದು ತೊಟ್ಟಿ ಕಟ್ಟಿಸಿ, ಬಿಸಿಲಿದ್ದಾಗ ತುಂಬಿಸಿಟ್ಟುಕೊಳ್ಳಿ.

ಇಲ್ಲಿಯ ಬಿಸಿಲು ನೋಡಿದರೆ ನಮ್ಮೂರಿನ ಬಿಸಿಲಿನ ಬೆಲೆ ಗೊತ್ತಾಗುತ್ತದೆ. ಈ ತಿಂಗಳು ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ಏಳು ಡಿಗ್ರಿಗಿಂತ ಮೇಲೆ ಏರುವುದೇ ಕಷ್ಟ. ಅಡ್ಡಡ್ಡ ಬರುವ ಬೆಳಕು ನೆತ್ತಿ ಮೇಲಿನ ಸೂರ್ಯನಿಗಿಂತ ಏಳೆಂಟು ಪಟ್ಟು ಗಾಳಿ ದಾಟಬೇಕು. ದಾಟಿ ಬಂದದ್ದೂ ನೆಲದ ಮೇಲೆ ಅಷ್ಟೇ ಪಟ್ಟು ಅಗಲಕ್ಕೆ ಹರಡಿ ತೆಳುವಾಗುತ್ತದೆ. ಮುಖಕ್ಕೆ ಬಿಸಿಲು ಬಿದ್ದರೂ ಕಾವೇ ಇಲ್ಲ. ವಿಟಮಿನ್ ಡಿ ಮಾತ್ರೆ ನುಂಗುತ್ತಿದ್ದೇನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ ಎಂದರೆ ಇಲ್ಲಿ ನಂಬುವುದು ಕಷ್ಟ! ನಮ್ಮ ಹೊಲದಲ್ಲಿ ಈಗಲೂ ಮಧ್ಯಾಹ್ನ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಂಥ ಬಿಸಿಲನ್ನು ಸುಮ್ನೆ ಬಿಡಬೇಡಿ, ಪಂಪು ಹಾಕಿಸಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ಶೇಂಗಾ ಬಿಡಿಸುವಾಗ ಏಳುವ ಧೂಳು ಅದರ ಮೇಲೆ ಕೂರುತ್ತದೆ, ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಜೋರಿದ್ದರೂ ಪ್ಯಾನೆಲ್ ಕಾದು ಕರೆಂಟು ಸ್ವಲ್ಪ ಕಡಿಮೆಯಾಗುತ್ತದೆ, ಗಾಬರಿ ಬೇಡ.

ಬೇವಿನ ಮರದ ನೆರಳು ಮಾತ್ರ ನೋಡಿಕೊಳ್ಳಿ. ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟು ತುಂಬಾ ಇಳಿಯುತ್ತದೆ. ನಮ್ಮಲ್ಲಿ ಮಧ್ಯಾಹ್ನದ ನೆರಳು ವರ್ಷದಲ್ಲೇ ಅತಿ ಉದ್ದ ಇರುವುದು ಈ ತಿಂಗಳು. ಇದೇ ವಾರ ನೆರಳಿನ ತುದಿಗೆ ಒಂದು ಗೂಟ ಹೊಡೆಸಿ, ಫೋಟೋ ಕಳಿಸಿ. ಅಳತೆ ನೋಡಿ ಜಾಗ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.

ನಿಮ್ಮ ಮಗಳು