ಮೀನಿನ ಲಾರಿಯ ಬಾಗಿಲು ತೆಗೆಯದೆಯೇ: ಉಡುಪಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಉಡುಪಿ ಸುತ್ತಮುತ್ತಲಿನ ಸಣ್ಣ ಕಚೇರಿಗಳಿಗೆ ನೆಟ್‌ವರ್ಕ್ ಹಾಕಿಕೊಡುವವನು. ಕೇಬಲ್ ಎಳೆಯುವುದು, ರೂಟರ್ ಕೂರಿಸುವುದು, ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟ ಸ್ವಿಚ್ ಬದಲಾಯಿಸುವುದು ನನ್ನ ಕೆಲಸ. ಜಿಲ್ಲೆಯ ಸರ್ಕಾರಿ ಕಚೇರಿಗಳ ನೆಟ್‌ವರ್ಕಿಗೆ ನುಗ್ಗುವ ಮಾಲ್‌ವೇರ್, ಅಂದರೆ ಕಳ್ಳ ಪ್ರೋಗ್ರಾಂಗಳನ್ನು ಹಿಡಿಯುವ ಬಗ್ಗೆ ತಮ್ಮಲ್ಲಿ ಒಂದು ಕೇಳಿಕೆ ಇದೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. ಹೆಸರು ಬೇಡ. "ಎಂತ ಮಾರಾಯ್ರೆ, ನೆಟ್ ಭಾರೀ ನಿಧಾನ ಉಂಟು" ಅಂದರು ಅಲ್ಲಿನ ಗುಮಾಸ್ತರು. ಹೋಗಿ ನೋಡಿದೆ. ಆ್ಯಂಟಿವೈರಸ್ ಎಲ್ಲ ಸರಿ ಅನ್ನುತ್ತಿತ್ತು. ಹೊರಗೆ ಹೋಗುತ್ತಿದ್ದುದೆಲ್ಲ 443ನೇ ಪೋರ್ಟಿನಲ್ಲಿ, ಅಂದರೆ ವಿಳಾಸ https ಎಂದು ಶುರುವಾಗುವ, ಬೀಗ ಹಾಕಿದ ಸೈಟುಗಳು ಬಳಸುವ ದಾರಿಯಲ್ಲಿ. ಬೀಗ ಇದೆಯಲ್ಲ, ಸರಿಯೇ ಇರಬೇಕು ಎಂದುಕೊಂಡೆ. ಒಂದು ಕೇಬಲ್ ಬದಲಾಯಿಸಿ, ಚಹಾ ಕುಡಿದು ಬಂದೆ.

ಹನ್ನೊಂದು ದಿನ ಬಿಟ್ಟು ರೂಟರ್‌ನ ಲಾಗ್, ಅಂದರೆ ಯಾವ ಕಂಪ್ಯೂಟರ್ ಯಾವಾಗ ಯಾರ ಜೊತೆ ಮಾತಾಡಿತು ಎಂಬ ದಾಖಲೆ, ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಯಾರೂ ಬಂದ್ ಮಾಡದೆ ಹೋಗುತ್ತಿದ್ದ ಲೆಕ್ಕದ ಕಂಪ್ಯೂಟರ್ ರಾತ್ರಿ ಎರಡು ಗಂಟೆಗೂ ಮಾತಾಡುತ್ತಿತ್ತು. ಭಾನುವಾರವೂ. ನಿಮಿಷಕ್ಕೊಮ್ಮೆ, ಒಂದೇ ವಿಳಾಸಕ್ಕೆ, ಹೆಚ್ಚುಕಡಿಮೆ ಒಂದೇ ಗಾತ್ರದ ಡೇಟಾ. ಬಿಲ್ ಎಂದು ಮೇಲ್‌ನಲ್ಲಿ ಬಂದ ಫೈಲ್ ಒಂದನ್ನು ಯಾರೋ ತೆರೆದಿದ್ದರು. ಒಳಗೆ ಕುಳಿತ ಮಾಲ್‌ವೇರ್ "ನಾನಿದ್ದೇನೆ, ಎಂತ ಮಾಡಬೇಕು?" ಎಂದು ತನ್ನ ಧಣಿಯನ್ನು ಕೇಳುತ್ತಿತ್ತು. ಧಣಿ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಪುಣ್ಯ.

ದಾರಿಯಲ್ಲಿ ಯಾರೂ ಇಣುಕಲಾರರು ಎಂದಷ್ಟೇ ಆ ಬೀಗ ಹೇಳುತ್ತದೆ. ದಾರಿಯ ಆಚೆ ತುದಿಯಲ್ಲಿ ಕುಳಿತವನು ಸಾಚಾನೋ ಕಳ್ಳನೋ, ಅದು ಬೇರೆ ಮಾತು. ಆ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್, ಅಂದರೆ ಸೈಟಿನ ಗುರುತಿನ ಚೀಟಿ, ಈಗ ಪುಕ್ಕಟೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಕೊಡುತ್ತಿದೆ. ನನ್ನ ಗಿರಾಕಿಗಳ ಸೈಟಿಗೂ ನಾನು ಅದನ್ನೇ ಹಾಕುತ್ತೇನೆ. ಕಳ್ಳರೂ ಹಾಕುತ್ತಾರೆ. 2018ರಲ್ಲಿ ಬಂದ ಟಿಎಲ್‌ಎಸ್ 1.3 ಎಂಬ, ಆ ಬೀಗದ ಹೊಸ ಆವೃತ್ತಿಯಲ್ಲಂತೂ ಆ ಸರ್ಟಿಫಿಕೇಟ್ ಕೂಡ ಮುಸುಕು ಹಾಕಿಕೊಂಡೇ ಹೋಗುತ್ತದೆ.

ಹಾಗಾದರೆ ನಡುದಾರಿಯಲ್ಲೇ ಎಲ್ಲವನ್ನೂ ಬಿಚ್ಚಿ ನೋಡಿದರಾಯಿತು, ಅಲ್ವಾ? ಅದಕ್ಕೂ ಪೆಟ್ಟಿಗೆಗಳಿವೆ. ಮಾರುವವರು ನನ್ನಂಥವನ ಹತ್ತಿರವೂ ಬರುತ್ತಾರೆ, ತಮ್ಮ ಹತ್ತಿರ ಬರದೆ ಇರುತ್ತಾರೆಯೇ? ಕಚೇರಿಯ ಪ್ರತಿ ಕಂಪ್ಯೂಟರ್‌ಗೂ ಆ ಪೆಟ್ಟಿಗೆಯ ರೂಟ್ ಸರ್ಟಿಫಿಕೇಟ್, ಅಂದರೆ ಈ ಪೆಟ್ಟಿಗೆ ಕೊಡುವ ಗುರುತಿನ ಚೀಟಿಯನ್ನೆಲ್ಲ ನಂಬು ಎಂಬ ಅಪ್ಪಣೆ, ಹಾಕಬೇಕು. ಆಮೇಲೆ ಅದು ನಮ್ಮೆದುರು ಬ್ಯಾಂಕಿನ ವೇಷ ಹಾಕುತ್ತದೆ, ಬ್ಯಾಂಕಿನೆದುರು ನಮ್ಮ ವೇಷ. ಹಗಲು ರಾತ್ರಿ ನೋಡಿಕೊಳ್ಳಲು ಜನ ಇರುವ ದೊಡ್ಡ ಸಂಸ್ಥೆಗಳಿಗೆ ಅದು ಸರಿ ಹೋಗಬಹುದು. ಪಂಚಾಯಿತಿಗೆ, ಆರೋಗ್ಯ ಕೇಂದ್ರಕ್ಕೆ ಬೇಡ. ಜನರ ಆಧಾರ್, ಪಿಂಚಣಿ ಅರ್ಜಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ ಬಿಚ್ಚಿಕೊಳ್ಳುತ್ತವೆ. ಅದರ ಕೀಲಿ ಕೈತಪ್ಪಿದರೆ? 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳಲ್ಲಿದ್ದ ಸೂಪರ್‌ಫಿಶ್ ಎಂಬ ಜಾಹೀರಾತಿನ ಸಾಫ್ಟ್‌ವೇರ್ ಇದೇ ಥರ ನಡುವೆ ಬಿಚ್ಚುತ್ತಿತ್ತು. ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಕೀಲಿ. ಸಂಶೋಧಕರು ಅದನ್ನು ಹೊರಗೆಳೆದು ತೋರಿಸಿಬಿಟ್ಟರು.

ಬಿಚ್ಚದೆಯೂ ತಿಳಿಯುವುದು ಬಹಳ ಇದೆ. ಮಲ್ಪೆಯಿಂದ ಹೊರಟ ಲಾರಿಯಲ್ಲಿ ಏನಿದೆ ಎಂದು ಬಾಗಿಲು ತೆಗೆಸಿ ನೋಡಬೇಕೇ? ಹೆದ್ದಾರಿ ಉದ್ದಕ್ಕೂ ಸುರಿಸಿಕೊಂಡು ಹೋಗುವ ನೀರೇ ಹೇಳುತ್ತದೆ. ಹಿಂದೆ ಬೈಕಿನಲ್ಲಿ ಹೋದವರಿಗೆ ಇನ್ನೂ ಚೆನ್ನಾಗಿ ಗೊತ್ತು. ನೆಟ್‌ವರ್ಕಿನಲ್ಲೂ ಹೀಗೆಯೇ. ಕಂಪ್ಯೂಟರ್ ಯಾವ ಸೈಟಿನ ವಿಳಾಸವನ್ನು ಡಿಎನ್‌ಎಸ್‌ನಲ್ಲಿ (ಅದು ಇಂಟರ್ನೆಟ್ಟಿನ ಫೋನ್ ಡೈರೆಕ್ಟರಿ ಇದ್ದ ಹಾಗೆ) ಕೇಳಿತು, ಎಷ್ಟು ಹೊತ್ತಿಗೆ, ಎಷ್ಟು ಡೇಟಾ, ಎಷ್ಟು ಸಲ ಎನ್ನುವುದು ಹೊರಗಿನಿಂದಲೇ ಕಾಣುತ್ತದೆ. ಮಾತು ಶುರು ಮಾಡುವಾಗ ಪ್ರತಿ ಪ್ರೋಗ್ರಾಂ ಕಳಿಸುವ ಮೊದಲ ಹಲೋಗೂ ಒಂದು ಗುರುತು ಇರುತ್ತದೆ. ಅದನ್ನು ಹಿಡಿಯುವ ಜೆಎ3 ಎಂಬ ವಿಧಾನ 2017ರಿಂದ ಇದೆ, ಪುಕ್ಕಟೆ. 2023ರಿಂದ ಕ್ರೋಮ್ ತನ್ನ ಹಲೋವಿನ ಭಾಗಗಳನ್ನು ಕಲಸಿ ಕಳಿಸುವುದರಿಂದ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಡಿಎನ್‌ಎಸ್ ಅನ್ನೂ ಮುಸುಕಿನೊಳಗೆ ಕಳಿಸುವ ಮಾಲ್‌ವೇರ್ ಇದೆ. ಆದರೂ ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ಚಾಳಿ ಸುಲಭಕ್ಕೆ ಅಡಗುವುದಿಲ್ಲ. ಸಂಘದಲ್ಲಿ ನನಗೆ ಸಿಕ್ಕಿದ್ದೂ ಅದೇ.

ಸಿಕ್ಕಿದ್ದು ಲಾಗ್ ಇತ್ತು ಎಂಬ ಕಾರಣಕ್ಕೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಆದೇಶದ ಪ್ರಕಾರ ಸರ್ಕಾರಿ ಕಚೇರಿಗಳೂ 180 ದಿನಗಳ ಲಾಗ್ ಇಡಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಅದೇ ವರ್ಷ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳಿಗೆ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಮಾಲ್‌ವೇರ್, ಹೊಕ್ಕು, ದಿನಗಟ್ಟಲೆ ಕೆಲಸ ಕೈಬರಹದಲ್ಲಿ ನಡೆಯಿತು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಹಾಗಾದರೆ ಆ 6 ಗಂಟೆಯೊಳಗೆ ಯಾರು ಯಾರಿಗೆ ಫೋನ್ ಮಾಡಬೇಕು? ಆ ನಂಬರನ್ನು ಗೋಡೆಗೆ ಅಂಟಿಸಿ. ಸಿಸಿಟಿವಿ ಕ್ಯಾಮೆರಾಗಳನ್ನು ಲೆಕ್ಕದ ಕಂಪ್ಯೂಟರ್ ಇರುವ ನೆಟ್‌ವರ್ಕಿನಿಂದ ಬೇರೆ ಮಾಡಿಸಿ. ಇದಕ್ಕೆಲ್ಲ ಟೆಂಡರ್ ಬೇಡ.

ಅಂಥ ಬಿಚ್ಚಿ ನೋಡುವ ಪೆಟ್ಟಿಗೆಯ ಕಡತ ಬಂದರೆ, ಸಹಿ ಹಾಕುವ ಮೊದಲು ಒಂದೇ ಒಂದು ಪಟ್ಟಿ ತರಿಸಿ ನೋಡಿ. ಕಳೆದ ವಾರ ರಾತ್ರಿ ಎರಡು ಗಂಟೆಗೆ ಜಿಲ್ಲೆಯ ಯಾವ ಕಚೇರಿಯ ಯಾವ ಕಂಪ್ಯೂಟರ್ ಹೊರಗೆ ಯಾರ ಜೊತೆ ಮಾತಾಡಿತು ಎಂಬ ಪಟ್ಟಿ. ಓದಲು ಇನ್ನೊಬ್ಬರು ಬೇಕಾದರೆ ಸಂಜೆ ಹೊತ್ತು ತಮ್ಮ ಕಚೇರಿ ಇರುವ ಮಣಿಪಾಲದ ರಜತಾದ್ರಿಗೆ ನಾನೇ ಬರುತ್ತೇನೆ. ದುಡ್ಡು ಬೇಡ, ಒಂದು ಚಹಾ ಸಾಕು.

ಇತಿ,
ಉಡುಪಿಯ ಒಬ್ಬ ನೆಟ್‌ವರ್ಕ್ ಕೆಲಸದವ