ಶರಣರ ನಾಟಕದ ಮುಂದೆ ಸೋಫಾ ಸಾಲು

ಸಂಪಾದಕರಿಗೆ,

ಮಾನ್ಯರೇ,

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ನಡೆಸಿಕೊಂಡು ಬರುತ್ತಿರುವ ನಾಟಕೋತ್ಸವವನ್ನು ನೋಡಿ ಬಂದ ಎಷ್ಟೋ ಮಠಗಳು, ಜಾತ್ರಾ ಸಮಿತಿಗಳು, ಬಸವ ಬಳಗಗಳು ತಮ್ಮೂರಲ್ಲೂ ಅಂಥದ್ದೊಂದು ಮಾಡಲು ಹೊರಟಿವೆ. ಹಗಲು ಚಿಂತನ, ಸಂಜೆ ವಚನ ಗಾಯನ, ಆಮೇಲೆ ನಾಟಕ; ಆಹ್ವಾನ ಪತ್ರಿಕೆಯೂ ಹೆಚ್ಚುಕಡಿಮೆ ಅದೇ ಅಚ್ಚಿನದು. ಸಂತೋಷ. ಆದರೆ ಅಲ್ಲಿ 1997ರಿಂದ ಶಿವಸಂಚಾರ ತಂಡ ವರ್ಷವರ್ಷವೂ ಹೊಸ ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತಿದೆ. ರಂಗದ ಶಿಸ್ತು ಅಲ್ಲಿ ವರ್ಷಪೂರ್ತಿಯ ಕೆಲಸ. ಮೂರು ದಿನದ ಉತ್ಸವಕ್ಕೆ ಶಾಮಿಯಾನದವರನ್ನೇ ನಂಬಿ ಕೂರುವ ಸಮಿತಿಗಳು ಎಲ್ಲೆಲ್ಲಿ ಎಡವುತ್ತವೆ ಎಂಬುದನ್ನು, ಪರದೆಯ ಹಿಂದೆ ಕೆಲಸ ಮಾಡುವ ನಾವು ಹೇಳಲೇಬೇಕಾಗಿದೆ.

ದೊಡ್ಡ ತಾಪತ್ರಯ ಸಭಾ ಕಾರ್ಯಕ್ರಮದ್ದು. ದೀಪಗಳನ್ನು ನಟರ ಮುಖಕ್ಕೆ ಹೊಂದಿಸಲು ಕತ್ತಲಾಗಬೇಕು. ನವೆಂಬರ್‌ನಲ್ಲಿ ಎಂದರೆ ಆರೂವರೆ. ಸರಿಯಾಗಿ ಆ ಹೊತ್ತಿಗೇ ವೇದಿಕೆಯ ಮೇಲೆ ಸ್ವಾಗತ, ಪ್ರಾಸ್ತಾವಿಕ, ಹನ್ನೆರಡು ಜನರ ಸನ್ಮಾನ. ಎಂಟೂ ಮುಕ್ಕಾಲಿಗೆ ಕುರ್ಚಿ ಎತ್ತಿ, ‘ಹದಿನೈದು ನಿಮಿಷದಲ್ಲಿ ಶುರುಮಾಡ್ರಪ್ಪ’ ಎನ್ನುತ್ತಾರೆ. ಹಿಂದಿನ ಪರದೆ ಜಗಜಗ, ನಟಿಯ ಮುಖ ಕಪ್ಪು. ಇದಕ್ಕೆ ಮದ್ದು ಸುಲಭ: ರಂಗದ ಪಕ್ಕದಲ್ಲಿ 12 ಅಡಿಗೆ 8 ಅಡಿಯ ತಗ್ಗು ಕಟ್ಟೆ, ಒಂದು ಮೈಕು, ನಾಲ್ಕು ಕುರ್ಚಿ, ಸಭೆ ಐದಕ್ಕೆ ಶುರುವಾಗಿ ಆರೂಕಾಲಿಗೆ ಮುಗಿಯಲಿ. ದಾನಿಗಳ ಭಾವಚಿತ್ರದ ಫ್ಲೆಕ್ಸ್ ಬೇಕಿದ್ದರೆ ಮಹಾದ್ವಾರಕ್ಕೆ ಕಟ್ಟಿ. ಕಲ್ಯಾಣದ ಬೀದಿಯ ಹಿಂದೆ ಶಾಸಕರು ಕೈಮುಗಿದು ನಿಂತಿರಬಾರದು.

ಶಾಮಿಯಾನದವರು ಹಾಕಿಕೊಡುವ ವೇದಿಕೆ ಮದುವೆಯದು. ಮೆಟ್ಟಿಲು ಮುಂದುಗಡೆ ಒಂದೇ, ಅದೂ ಗಣ್ಯರಿಗೆ. ನಾಟಕಕ್ಕೆ ಹಿಂಬದಿಯ ಎರಡೂ ಮೂಲೆಯಲ್ಲಿ ಮೆಟ್ಟಿಲು ಬೇಕು, 30 ಅಡಿ ಅಗಲ, ಮುಂದಿನಿಂದ ಹಿಂದಕ್ಕೆ 24 ಅಡಿ ಬೇಕು. ಹಸಿರು ಮ್ಯಾಟ್ ಹಾಸಬೇಡಿ: ಬರಿಗಾಲಿನ ಕುಣಿತದಲ್ಲಿ ಅದು ಸುಕ್ಕುಗಟ್ಟಿ ಕಾಲು ಸಿಕ್ಕಿಸುತ್ತದೆ. ಬರಿ ಹಲಗೆಯೇ ಲೇಸು. ಆದರೆ ಒಂಬತ್ತರ ಮೇಲೆ ಇಬ್ಬನಿ ಬಿದ್ದು ಹಲಗೆಯೂ ಜಾರುತ್ತದೆ, ದೃಶ್ಯ ಬದಲಾಗುವಾಗ ಒಣ ಗೋಣಿತಟ್ಟಿನಿಂದ ಒರೆಸಲು ಒಬ್ಬ ಹುಡುಗನಿರಲಿ.

ವಿದ್ಯುತ್ತಿನ ಲೆಕ್ಕ ಹಾಕುವವರೇ ಇಲ್ಲ. ರಂಗಕ್ಕೆ ಬೆಳಕು ಚೆಲ್ಲುವ ಹಳೆಯ ಪಾರ್ ದೀಪ ಒಂದಕ್ಕೆ 1000 ವಾಟ್. 32 ಆಂಪಿಯರ್‌ನ ಸಿಂಗಲ್ ಫೇಸ್ ಲೈನಿನ ಶಕ್ತಿ ಏಳು ದೀಪಕ್ಕೇ ಮುಗಿಯಿತು; ಹತ್ತು ಉರಿಸಿದರೆ ಎಂಸಿಬಿ (ಲೋಡು ಹೆಚ್ಚಿದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು) ಬೀಳುವುದು ನಾಟಕದ ನಡುವೆಯೇ. ತ್ರೀ ಫೇಸ್ ತಗೊಂಡು ಲೋಡನ್ನು ಸಮನಾಗಿ ಹಂಚಬೇಕು. ನ್ಯೂಟ್ರಲ್ ತಂತಿಯನ್ನು ಹೊಸೆದು ಸಿಕ್ಕಿಸಿ ಬಿಡುವುದು ನಮ್ಮವರ ಹಳೇ ಚಾಳಿ. ಬಿಸಿಯೇರಿ ಅದು ಕಳಚಿದರೆ ಒಂದು ಫೇಸಿನಲ್ಲಿ 230ರ ಜಾಗದಲ್ಲಿ 350 ವೋಲ್ಟ್ ದಾಟಬಹುದು, ಬೆಳಕು ಏರಿಳಿಸುವ ಡಿಮ್ಮರ್, ಆಂಪ್ಲಿಫೈಯರ್ ಎರಡೂ ಸುಡುತ್ತವೆ. ತಂತಿಯ ತುದಿಗೆ ಲಗ್ (ಲೋಹದ ಕೊಂಡಿ) ಹಾಕಿ ಬೋಲ್ಟ್ ಬಿಗಿಯಿರಿ. ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಜನರ ಕಡೆಗಿರಬೇಕು. ಹಿಂದಿಟ್ಟರೆ ‘ಕುಂಯ್’ ಎನ್ನುವುದು ತಪ್ಪದು.

ಇದೆಲ್ಲ ದುಡ್ಡು ಕೊಟ್ಟರೆ ಸರಿಹೋದೀತು. ಕೆಳಗಿನದು ಮನಸ್ಸಿದ್ದರೆ ಮಾತ್ರ.

ರಂಗದ ಮೇಲೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ. ಕೆಳಗೆ ಮೊದಲ ಎರಡು ಸಾಲು ಸೋಫಾ, ಅದರ ಹಿಂದೆ ಪಾಸ್ ಇದ್ದವರ ಕುರ್ಚಿ, ಕೇರಿಯ ಜನ ಸೌಂಡ್ ಬಾಕ್ಸಿನ ಮಗ್ಗುಲಲ್ಲಿ ನಿಂತು ನೋಡುತ್ತಾರೆ. ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲುಗಳನ್ನು ಎಲ್ಲರೂ ಕಟ್ಟಿಸಲಾಗದು, ಸರಿ. ಆದರೆ ಮುಂದಿನ 20 ಅಡಿಗೆ ಜಮಖಾನ ಹಾಸಿ ಮೊದಲು ಬಂದವರನ್ನು ಕೂರಿಸಲು ಖರ್ಚೇನು? ಮಠದ ಆವರಣದೊಳಗೆ ಬರಲು ಹಿಂಜರಿಯುವ ಮಂದಿ ಇಂದಿಗೂ ಇದ್ದಾರೆ. ಅಂಥ ಕಡೆ ಶಾಲೆಯ ಬಯಲನ್ನೋ ಸಂತೆ ಮೈದಾನವನ್ನೋ ಆರಿಸಿ, ಕೇರಿಗೆ ಹೋಗಿ ಮನೆಮನೆಗೆ ಕರೆಯಬೇಕು. ಅವರು ತಮಟೆ ಬಡಿದು ಮೆರವಣಿಗೆ ಮುಂದೆ ನಡೆದರೆ ಸಾಲದು, ಸಂಕಿರಣದಲ್ಲಿ ಮಾತಾಡುವವರ ಪಟ್ಟಿಯಲ್ಲೂ ಇರಬೇಕು. ದಾಸೋಹದ ಪಂಕ್ತಿ ಒಂದೇ ಇರಲಿ. ‘ವಿಐಪಿ ಊಟ’ದ ಬೋರ್ಡು ತೂಗುವ ಕಡೆ ಇವನಾರವ ಎಂಬ ವಚನ ಹಾಡಿಸುವುದು ಕಿವಿಗೆ ಹಿಂಸೆ.

ಹೆಂಗಸರು ಅರ್ಧಕ್ಕೇ ಎದ್ದು ಹೋಗುವುದು ನಾಟಕ ಬೇಸರವಾಗಿ ಅಲ್ಲ. ಶೌಚಾಲಯವಿಲ್ಲ, ಇದ್ದರೂ ಹೋಗುವ ದಾರಿಯಲ್ಲಿ ದೀಪವಿಲ್ಲ, ಹಳ್ಳಿಯ ಕೊನೆಯ ಬಸ್ಸು ಹೊರಟುಬಿಡುತ್ತದೆ. ಹದಿನೈದು ದಿನ ಮುಂಚೆ ಡಿಪೊ ವ್ಯವಸ್ಥಾಪಕರಿಗೆ ಪತ್ರ ಬರೆದು ಹೆಚ್ಚುವರಿ ಬಸ್ಸು ಕೇಳಿ ನೋಡಿ.

ಚರ್ಚೆಯನ್ನು ನಾಟಕ ಮುಗಿದ ಕೂಡಲೇ ಇಟ್ಟರೆ ಯಾರೂ ಉಳಿಯುವುದಿಲ್ಲ. ಮರುದಿನ ಹತ್ತೂವರೆಗೆ ಕಾಲೇಜಿನಲ್ಲಿ, ನಟರನ್ನೂ ಕೂರಿಸಿಕೊಂಡು, ಚೀಟಿಯಲ್ಲಿ ಪ್ರಶ್ನೆ ಬರೆಸಿಕೊಳ್ಳಿ. ಹೆಸರಿಲ್ಲದ ಚೀಟಿಯಲ್ಲೇ ‘ನಮ್ಮೂರ ಕ್ಷೌರದಂಗಡಿಯಲ್ಲಿ ನಮಗೇಕೆ ಕಟಿಂಗ್ ಮಾಡುವುದಿಲ್ಲ’ ಎಂಬ ಪ್ರಶ್ನೆ ಬರುವುದು. ಅದನ್ನು ನಿರೂಪಕರು ಜೇಬಿಗೆ ಹಾಕಿಕೊಳ್ಳಬಾರದು, ಓದಬೇಕು.

ಕಡೆಯದಾಗಿ ಕಲಾವಿದರ ಊಟ, ಸಂಭಾವನೆ. ನಾಟಕ ಮುಗಿದು ಸೆಟ್ ಬಿಚ್ಚಿ ಲಾರಿಗೆ ಏರಿಸಲು ಎರಡು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಅಡುಗೆಯವರು ಪಾತ್ರೆ ತೊಳೆದಿರುತ್ತಾರೆ, ಖಜಾಂಚಿಯ ಫೋನ್ ಸ್ವಿಚ್ ಆಫ್. ತಂಡದ ತಲೆ ಎಣಿಸಿ ಊಟ ತೆಗೆದಿಡಿ, ಚಾಲಕನನ್ನೂ ಸೇರಿಸಿ. ಹಣವನ್ನು ನಾಟಕ ಶುರುವಾಗುವ ಮೂರನೇ ಬೆಲ್ ಹೊಡೆಯುವ ಮೊದಲೇ ಕೊಟ್ಟು ರಸೀದಿ ಪಡೆಯಿರಿ.

– ರಂಗಸಜ್ಜಿಕೆ ಮತ್ತು ಬೆಳಕಿನ ಕೆಲಸಗಾರರು, ಚಿತ್ರದುರ್ಗ ಜಿಲ್ಲೆ